ವಿಂಡೋಸ್ ಬಿಡೋಕಾಗಲ್ಲ ಅನ್ನೋರು ನಿಜಕ್ಕೂ ಹಿಡ್ಕೊಂಡಿರೋದು ಏನನ್ನ?

ತಿಪಟೂರಿನಲ್ಲಿ ನಮ್ಮ ಸೋದರಮಾವನದ್ದು ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ತಿಥಿ ಕಾರ್ಡು, ಚುನಾವಣೆ ಬಂದರೆ ಹ್ಯಾಂಡ್‌ಬಿಲ್. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಅಷ್ಟೇ. 2025ರ ಅಕ್ಟೋಬರ್ ಮಧ್ಯದಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಅವರ ಫೋನ್ ಬಂತು.

“ಅಳಿಯಾ, ಸ್ಕ್ರೀನ್ ಮೇಲೆ ಏನೋ ಬರ್ತೈತೆ ಕಣೋ. ವಿಂಡೋಸ್ ಹತ್ತು ಮುಗೀತು ಅಂತೈತೆ. ನಾಳೆ ಬೆಳಗ್ಗೆ ಆನ್ ಆಗುತ್ತೋ ಇಲ್ವೋ? ಒಂದು ಮದುವೆ ಕಾರ್ಡ್ ಅರ್ಧಕ್ಕೆ ನಿಂತೈತೆ.”

ಆನ್ ಆಗುತ್ತೆ ಮಾವ, ಏನೂ ಆಗಲ್ಲ ಅಂದೆ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. “ಈ ನೆಪದಲ್ಲಿ ಲಿನಕ್ಸ್ ಹಾಕಿಬಿಡೋಣ್ವಾ?” ಅಂತ ಕೇಳಿದೆ. ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ (ಓಎಸ್). ಹತ್ತು ವರ್ಷದಿಂದ ಲಿನಕ್ಸ್ ಬಳಸುವ ಯಾರನ್ನೇ ನೋಡಿ, ಈ ಚಾಳಿ ಇದ್ದೇ ಇರುತ್ತದೆ. ಮಾವ ಎರಡೇ ಪ್ರಶ್ನೆ ಕೇಳಿದರು. “ಅದರಲ್ಲಿ ನುಡಿ ಓಡುತ್ತಾ? ಪೇಜ್‌ಮೇಕರ್ ಓಡುತ್ತಾ?”

ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ, ಪೇಜ್‌ಮೇಕರ್ ಅಂದರೆ ಪುಟ ಕೂರಿಸುವ ತಂತ್ರಾಂಶ. ಆ ಎರಡು ಪ್ರಶ್ನೆ ಬಹಳ ದಿನ ನನ್ನ ತಲೆಯಲ್ಲೇ ಉಳಿದವು. ಯಾಕೆಂದರೆ ವಿಂಡೋಸ್ ಒಳ್ಳೇದಾ ಕೆಟ್ಟದ್ದಾ, ಲಿನಕ್ಸ್ ಒಳ್ಳೇದಾ ಕೆಟ್ಟದ್ದಾ ಅಂತ ಅವರು ಕೇಳಲೇ ಇಲ್ಲ.

ಆದದ್ದೇನು ಅಂತ ಮೊದಲು ಹೇಳಿಬಿಡುತ್ತೇನೆ. ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಕಂಪ್ಯೂಟರ್ ನಿಲ್ಲಲ್ಲ, ಫೈಲು ಎಲ್ಲೂ ಹೋಗಲ್ಲ. ಹೊಸದಾಗಿ ತೂತು ಕಂಡುಬಂದರೆ ತೇಪೆ ಹಾಕುವವರು ಇರಲ್ಲ, ಅಷ್ಟೇ. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ತೇಪೆ ಬೇಕೇ ಬೇಕು ಅನ್ನುವ ಮನೆ ಬಳಕೆದಾರರಿಗೆ ಮೂರು ದಾರಿ ಇಟ್ಟರು. 30 ಡಾಲರ್ ಕಟ್ಟಬೇಕು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಳ್ಳಬೇಕು, ಅದೂ ಬೇಡ ಅಂದರೆ ಅವರದ್ದೇ ರಿವಾರ್ಡ್ಸ್ ಪಾಯಿಂಟ್ 1000 ಒಪ್ಪಿಸಬೇಕು.

ಸರಿ, ವಿಂಡೋಸ್ 11ಕ್ಕೇ ಹೋಗೋಣ ಅಂದರೆ ಬಾಗಿಲಲ್ಲೇ ತಪಾಸಣೆ. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದಿರಬೇಕು. ಮಾವನ ಮೆಷೀನು ಆರನೇ ತಲೆಮಾರಿನ ಐ3. ಎಸ್‌ಎಸ್‌ಡಿ ಹಾಕಿಸಿದ್ದೆ, ಎಂಟು ಜಿಬಿ ರ್‍ಯಾಮ್ ಇದೆ, ಅವರ ಕೆಲಸಕ್ಕೆ ಇನ್ನೂ ಐದು ವರ್ಷ ಧಾರಾಳವಾಗಿ ಬರುತ್ತದೆ.

ಲೆಕ್ಕದ ಪ್ರಕಾರ ಜನ ಬೇರೆ ಓಎಸ್‌ಗೆ ಗುಂಪುಗುಂಪಾಗಿ ಹೊರಡಬೇಕಾದ ಹೊತ್ತು ಇದು. ಹೊರಡಲಿಲ್ಲ. ಹಿಂದೆ ವಿಂಡೋಸ್ ಎಕ್ಸ್‌ಪಿ ಮುಗಿದಾಗಲೂ ಹೀಗೇ ಆಗಿತ್ತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಕಥೆ ಮುಗಿಯಿತು. ನಮ್ಮ ಬ್ಯಾಂಕುಗಳ ಎಟಿಎಂಗಳು ಮಾತ್ರ ಅದರಲ್ಲೇ ದುಡ್ಡು ಎಣಿಸುತ್ತಾ ಕೂತಿದ್ದವು. ನಾಲ್ಕು ವರ್ಷ ಕಳೆದು 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಒಂದು ವರ್ಷದೊಳಗೆ ಹಂತಹಂತವಾಗಿ ಬದಲಾಯಿಸಿ ಅಂತ ಹೇಳಬೇಕಾಯಿತು. ಬ್ಯಾಂಕಿನವರಿಗೆ ಎಕ್ಸ್‌ಪಿ ಮೇಲೆ ಪ್ರೀತಿ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಆದರೆ ಇಂಟರ್ನೆಟ್‌ನಲ್ಲಿ ಈ ವಿಷಯ ಬಂದ ಕೂಡಲೇ ಮಾತೆಲ್ಲ ಪ್ರೀತಿ, ಅಭಿಮಾನ, ನಿಷ್ಠೆಯದ್ದೇ. ವಿಂಡೋಸ್‌ನವರು ಕುರಿಗಳು, ಮ್ಯಾಕ್‌ನವರಿಗೆ ದುಡ್ಡು ಜಾಸ್ತಿ, ಲಿನಕ್ಸ್‌ನವರಿಗೆ ಬೇರೆ ಕೆಲಸ ಇಲ್ಲ. ರಾಜ್ ಅಭಿಮಾನಿ, ವಿಷ್ಣು ಅಭಿಮಾನಿ ಜಗಳ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ, ಮಜಾನೂ ಬರುತ್ತದೆ. ಆದರೆ ಆ ಜಗಳದಲ್ಲಿ ಮಾವನಂಥವರು ಇರುವುದೇ ಇಲ್ಲ. ಕಂಪ್ಯೂಟರ್ ಮುಂದೆ ದಿನಕ್ಕೆ ಹತ್ತು ಗಂಟೆ ಕೂತು ಸಂಸಾರ ಸಾಕುವವರು ಯಾವ ಪಕ್ಷಕ್ಕೂ ಸೇರಿದವರಲ್ಲ.

ಮಾವನ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಅವರು ಟೈಪ್ ಮಾಡುವುದು ಪೇಜ್‌ಮೇಕರ್ 7ರಲ್ಲಿ. ಅದು ಬಂದದ್ದು 2001ರಲ್ಲಿ, ಅಡೋಬಿ ಅದನ್ನು ಮುಂದುವರಿಸುವುದನ್ನು 2004ರಲ್ಲೇ ಕೈಬಿಟ್ಟಿತು. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ, ಗೊತ್ತಿಲ್ಲ. ಹಾಗಾಗಿ ಅಲ್ಲಿ ಕನ್ನಡ ಬರಬೇಕಾದರೆ ಹಳೇ ಆಸ್ಕಿ ಫಾಂಟೇ ಬೇಕು, ನುಡಿಯದ್ದೋ ಶ್ರೀಲಿಪಿಯದ್ದೋ. ಆಸ್ಕಿ ಫಾಂಟ್ ಅಂದರೆ ಒಂಥರಾ ವೇಷ. ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ. ನುಡಿ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಫೈಲ್ ತೆರೆದರೆ ವೇಷ ಕಳಚಿ ಬೀಳುತ್ತದೆ. ‘ನ’ ಇದ್ದ ಕಡೆಯೆಲ್ಲ ಬ್ರಿಟನ್ನಿನ ಪೌಂಡ್ ಚಿಹ್ನೆ ನಿಂತಿರುತ್ತದೆ. ‘ಕನ್ನಡ’ ಅಂತ ಬರೆದದ್ದು ಯಾರದೋ ಬ್ಯಾಂಕ್ ಲೆಕ್ಕದ ಹಾಗೆ ಕಾಣುತ್ತದೆ.

ಈಗ ಅವರ ಹಾರ್ಡ್‌ಡಿಸ್ಕ್ ನೋಡಿ. ‘ಮದುವೆ 2008’, ‘ಮದುವೆ 2009’ ಅಂತ ಸಾಲಾಗಿ ಫೋಲ್ಡರ್. ಗಿರಾಕಿ ಬರುತ್ತಾರೆ, “ನಮ್ಮಣ್ಣನ ಮದುವೇಗೆ ನೀವೇ ಮಾಡ್ಕೊಟ್ಟಿದ್ರಿ, ಅದೇ ಥರಾನೇ ಇರ್ಲಿ, ಹೆಸ್ರು ಮಾತ್ರ ಬದಲಾಯ್ಸಿ” ಅನ್ನುತ್ತಾರೆ. ಮಾವ ಆ ವರ್ಷದ ಫೋಲ್ಡರ್ ತೆಗೆದು, ವಧೂವರರ ಹೆಸರು, ಮುಹೂರ್ತ, ಛತ್ರ ಬದಲಾಯಿಸಿ, ‘ಬಂಧುಮಿತ್ರರ ಆಗಮನಾಭಿಲಾಷಿಗಳು’ ಕೆಳಗೆ ಸತ್ತವರ ಹೆಸರು ತೆಗೆದು ಹುಟ್ಟಿದವರ ಹೆಸರು ಸೇರಿಸಿ, ಹತ್ತು ನಿಮಿಷಕ್ಕೆ ಪ್ರೂಫ್ ಕೊಡುತ್ತಾರೆ. ಅವರ ಬಂಡವಾಳ ಕಂಪ್ಯೂಟರ್ ಅಲ್ಲ, ಆ ಫೋಲ್ಡರ್‌ಗಳು. ಫೋಲ್ಡರ್‌ಗಳಿಗೆ ಆಸ್ಕಿ ಫಾಂಟ್ ಬೇಕು, ಆ ಫಾಂಟಿನಲ್ಲಿ ಕೂರಿಸಿದ ಪುಟಕ್ಕೆ ಪೇಜ್‌ಮೇಕರ್ ಬೇಕು, ಪೇಜ್‌ಮೇಕರ್‌ಗೆ ವಿಂಡೋಸ್ ಬೇಕು. ಸರಪಳಿಯ ಕೊನೇ ಕೊಂಡಿ ಅದು. ನಾಳೆ ಪೇಜ್‌ಮೇಕರ್ ಮನೆಯ ಗ್ರೈಂಡರ್ ಮೇಲೆ ಓಡಿದರೆ, ಮಾವ ಗ್ರೈಂಡರ್‌ಗೇ ಕುಂಕುಮ ಇಟ್ಟು ಕೆಲಸ ಶುರುಮಾಡುತ್ತಾರೆ.

ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್ ಒಳಗೆ ಓಡಿಸುವ ಉಪಾಯಗಳಿವೆ, ನಿಜ. ನಾನೂ ಒಂದು ಭಾನುವಾರ ಪೂರ್ತಿ ಕೂತು ನೋಡಿದೆ. ಪುಟ ತೆರೆದುಕೊಂಡಿತು. ನಾನು ಗೆದ್ದೆ ಅಂತ ಬೀಗಿದೆ. ಪ್ರಿಂಟ್ ಕೊಟ್ಟರೆ ಗಣಪತಿ ಚಿತ್ರ ಅರ್ಧ ಇಂಚು ಎಡಕ್ಕೆ ಸರಿದಿತ್ತು. ಮಾವ ಏನೂ ಅನ್ನಲಿಲ್ಲ, ಸುಮ್ನೆ ಕಾರ್ಡನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

ಇದೇ ಸರಪಳಿ ಬೇರೆ ಬೇರೆ ವೇಷದಲ್ಲಿ ಎಲ್ಲೆಡೆ ಇದೆ. ಲೆಕ್ಕಪತ್ರದವರನ್ನು ಕೇಳಿ, ಟ್ಯಾಲಿ ಅನ್ನುತ್ತಾರೆ. 1986ರಲ್ಲಿ ಗೋಯೆಂಕಾ ತಂದೆ ಮಗ ಶುರುಮಾಡಿದ, ಬೆಂಗಳೂರಿನದ್ದೇ ಆದ ಕಂಪನಿಯ ತಂತ್ರಾಂಶ ಅದು, ಇವತ್ತಿಗೂ ಅದು ಓಡಲು ಬೇಕಾದದ್ದು ವಿಂಡೋಸ್. ಟ್ಯಾಲಿಯಲ್ಲಿ ಎರಡು ಕೈಯೂ ಕೀಬೋರ್ಡ್ ಮೇಲೇ, ಮೌಸ್ ಮುಟ್ಟದೆ ವೋಚರ್ ಹಾಕುತ್ತಾ ಹೋಗುವ ಒಬ್ಬ ಅಕೌಂಟೆಂಟ್‌ಗೆ ಮ್ಯಾಕ್ ಎಷ್ಟು ಚಂದ ಅಂತ ವಿವರಿಸಿ ನೋಡಿ. ಗೇಮ್ ಆಡುವ ಹುಡುಗರಿಗೆ ಗೇಮ್. ಅಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಆಗಿದೆ, 2018ರಲ್ಲಿ ವಾಲ್ವ್ ಎಂಬ ಗೇಮ್ ಕಂಪನಿ ಪ್ರೋಟಾನ್ ಎಂಬ ತಂತ್ರಾಂಶ ತಂದ ಮೇಲೆ ವಿಂಡೋಸ್ ಗೇಮ್‌ಗಳಲ್ಲಿ ಬಹಳಷ್ಟು ಲಿನಕ್ಸ್‌ನಲ್ಲೂ ಓಡುತ್ತವೆ. ಕಳ್ಳಾಟ ಹಿಡಿಯುವ ವ್ಯವಸ್ಥೆ ಇರುವ ಕೆಲವು ಆನ್‌ಲೈನ್ ಗೇಮ್‌ಗಳು ಇನ್ನೂ ಒಪ್ಪಲ್ಲ.

ಇನ್ನು ದುಡ್ಡಿನ ವಿಷಯ. ಲಿನಕ್ಸ್ ಉಚಿತ ಅಂತ ನಾವು ಎದೆ ತಟ್ಟಿಕೊಂಡು ಹೇಳುತ್ತೇವಲ್ಲ, ನಮ್ಮೂರುಗಳಲ್ಲಿ ಆ ಮಾತಿಗೆ ಬೆಲೆಯೇ ಇಲ್ಲ. ಯಾಕೆಂದರೆ ವಿಂಡೋಸೂ ಉಚಿತ ಅಂತಲೇ ಜನ ತಿಳಿದಿದ್ದಾರೆ! ಅಸೆಂಬಲ್ಡ್ ಕಂಪ್ಯೂಟರ್ ಕೊಂಡರೆ ಹುಡುಗ ಬಂದು ‘ವಿಂಡೋಸ್ ಹೊಡೆದು’ ಕೊಡುತ್ತಾನೆ. ಅವನಿಗೆ ಕೊಡುವುದು ಹೊಡೆದ ಕೂಲಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಒಂದು ಕಾಲದಲ್ಲಿ ಕಳ್ಳ ನಕಲಿನ ಸಿ.ಡಿ.ಗಳು ಕಡಲೆಪುರಿಯ ಹಾಗೆ ಸಿಗುತ್ತಿದ್ದವು. 1998ರಲ್ಲಿ ಬಿಲ್ ಗೇಟ್ಸ್ ಚೀನಾದ ಬಗ್ಗೆ ಮಾತಾಡುತ್ತಾ, ಹೇಗೂ ಕದಿಯುತ್ತಾರೆ ಅಂದಮೇಲೆ ನಮ್ಮದನ್ನೇ ಕದಿಯಲಿ, ಒಂಥರಾ ಚಟ ಹತ್ತುತ್ತದೆ, ದುಡ್ಡು ಹೇಗೆ ವಸೂಲಿ ಮಾಡುವುದು ಅಂತ ಮುಂದೆ ನೋಡಿಕೊಳ್ಳೋಣ ಎಂಬರ್ಥದ ಮಾತು ಹೇಳಿದ್ದರು. ಇದಕ್ಕಿಂತ ಬಿಚ್ಚುಮನಸ್ಸಿನ ಮಾತು ಈ ಉದ್ಯಮದಲ್ಲಿ ನಾನು ಓದಿಲ್ಲ.

ಆ ಹುಡುಗನನ್ನೂ ಮರೆಯಬೇಡಿ. ಸಣ್ಣ ಊರಲ್ಲಿ ಜನ ಆರಿಸುವುದು ಓಎಸ್ ಅಲ್ಲ, ಕೆಟ್ಟಾಗ ಬರುವ ಹುಡುಗನನ್ನು. ಅವನಿಗೆ ಗೊತ್ತಿರುವುದೇ ಊರಿನ ಓಎಸ್. ನಾನು ಬೆಂಗಳೂರಿನಿಂದ ಲಿನಕ್ಸ್ ಹಾಕಿಕೊಟ್ಟು ಬಂದರೆ, ಮುಂದಿನ ವಾರ ಪ್ರಿಂಟರ್ ಕೈಕೊಟ್ಟಾಗ ಮಾವ ಯಾರಿಗೆ ಫೋನ್ ಮಾಡಬೇಕು? ನನಗೇ. ನಾನು ಮೀಟಿಂಗ್‌ನಲ್ಲಿರುತ್ತೇನೆ.

ಸರ್ಕಾರದ ಮಟ್ಟದಲ್ಲಿ ಇದನ್ನು ನೋಡಬೇಕು ಅಂದರೆ ಜರ್ಮನಿಯ ಮ್ಯೂನಿಕ್ ನಗರದ ಕಥೆ ಓದಬೇಕು. 2003ರಲ್ಲಿ ಆ ನಗರಸಭೆ ತನ್ನ ಕಂಪ್ಯೂಟರ್‌ಗಳನ್ನೆಲ್ಲ ಲಿನಕ್ಸ್‌ಗೆ ಬದಲಾಯಿಸಲು ನಿರ್ಧರಿಸಿತು. ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ರಜೆಯಲ್ಲಿ ಸ್ಕೀಯಿಂಗ್‌ಗೆ ಹೋಗಿದ್ದವರು, ಅದನ್ನು ಅರ್ಧಕ್ಕೆ ಬಿಟ್ಟು ಮೇಯರ್ ಮನವೊಲಿಸಲು ಓಡಿಬಂದರು. ಮೇಯರ್ ಬಗ್ಗಲಿಲ್ಲ. ಲಿಮಕ್ಸ್ ಅಂತ ತಮ್ಮದೇ ಹೆಸರಿಟ್ಟು, ಹತ್ತು ವರ್ಷ ತೆಗೆದುಕೊಂಡು, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್ ಬದಲಾಯಿಸಿದರು. ಒಂದು ಕೋಟಿ ಯೂರೋಗಿಂತ ಹೆಚ್ಚು ಉಳಿಯಿತು ಅಂತ ನಗರಸಭೆಯೇ ಲೆಕ್ಕ ಕೊಟ್ಟಿತು. ಆಮೇಲೆ ಮೇಯರ್ ಬದಲಾದರು. 2017ರಲ್ಲಿ ಅದೇ ನಗರಸಭೆ ಮತ ಹಾಕಿ, ವಾಪಸ್ ವಿಂಡೋಸ್‌ಗೆ ಹೋಗೋಣ ಅಂತ ತೀರ್ಮಾನಿಸಿತು. 2020ರಲ್ಲಿ ಹೊಸ ಮೈತ್ರಿಕೂಟ ಬಂದು, ಆದಷ್ಟು ಮುಕ್ತ ತಂತ್ರಾಂಶವನ್ನೇ (ಯಾರು ಬೇಕಾದರೂ ಬಳಸಿ, ಬದಲಾಯಿಸಿಕೊಳ್ಳಬಹುದಾದದ್ದು) ಬಳಸೋಣ ಅಂತ ಮತ್ತೆ ತಿರುಗಿಕೊಂಡಿತು.

ನಮ್ಮ ಕಡೆಯವರು ಈ ಕಥೆಯನ್ನು ‘ದೊಡ್ಡ ಕಂಪನಿಯ ಪಿತೂರಿ’ ಅಂತ ಹೇಳುತ್ತಾರೆ, ಆ ಕಡೆಯವರು ‘ಲಿನಕ್ಸ್ ಆಫೀಸಿಗೆ ಆಗಿಬರಲ್ಲ’ ಅಂತ ಹೇಳುತ್ತಾರೆ. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ. ಅಲ್ಲಿನ ನೌಕರರ ದೂರುಗಳಲ್ಲಿ ದೊಡ್ಡ ಪಾಲು ಓಎಸ್ ಬಗ್ಗೆ ಇರಲೇ ಇಲ್ಲ. ಹೊರಗಿನಿಂದ ಬಂದ ವರ್ಡ್ ಫೈಲ್ ತೆರೆದರೆ ಕೋಷ್ಟಕ ಚೆಲ್ಲಾಪಿಲ್ಲಿ, ಕಳಿಸಿದರೆ ಆ ಕಡೆಯವರಿಗೆ ಚೆಲ್ಲಾಪಿಲ್ಲಿ. ಜೊತೆಗೆ ನಗರಸಭೆಯ ಐಟಿ ವಿಭಾಗ ಹಲವು ತುಂಡಾಗಿ ಹಂಚಿಹೋಗಿತ್ತು, ಯಾವ ದೂರು ಯಾರಿಗೆ ಹೋಗಬೇಕು ಅನ್ನುವುದೇ ಗೋಜಲು. ಹದಿನೈದು ಸಾವಿರ ಮೆಷೀನು ಬದಲಾಯಿತು, ಆದರೆ ಉಳಿದ ಜರ್ಮನಿಯ ಫೈಲ್‌ಗಳು ಬದಲಾಗಲಿಲ್ಲ. ಮಾವನ ‘ಮದುವೆ 2008’ ಫೋಲ್ಡರ್ ಅಲ್ಲೂ ಇತ್ತು ಅನ್ನಿ.

ಈಗ ಜರ್ಮನಿಯದ್ದೇ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರ್‌ಗಳ ಬದಲಾವಣೆ ಘೋಷಿಸಿದೆ. ಅವರು ಮೊದಲು ಕೈಹಾಕಿದ್ದು ಫೈಲ್‌ಗೆ. ಮೊದಲು ವರ್ಡ್ ಥರದ ಕೆಲಸಕ್ಕೆ ಬರುವ ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶ, ಮುಕ್ತ ಕಡತ ಮಾದರಿ, ಆಮೇಲೆ ಓಎಸ್. ಕ್ರಮ ಸರಿಯಾಗಿದೆ ಅಂತ ನನ್ನ ಲೆಕ್ಕ.

ಪಕ್ಕದ ಕೇರಳದವರು ಇನ್ನೊಂದು ತುದಿಯಿಂದ ಶುರುಮಾಡಿದರು. ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಲ್ಲೇ ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದರು. ಈಗ ಕೈಟ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇದೆ. ಇದರಿಂದ 3,000 ಕೋಟಿ ಉಳಿಯಿತು ಅಂತ 2019ರಲ್ಲಿ ಲೆಕ್ಕ ಬಂದಿತ್ತು. ಆ ಲೆಕ್ಕವನ್ನು ನಾನು ಪೂರ್ತಿ ನಂಬಲ್ಲ, ಲೈಸೆನ್ಸ್‌ಗೆ ಅಷ್ಟು ದುಡ್ಡು ಯಾವ ಶಾಲೆಯೂ ಕೊಡುತ್ತಿರಲಿಲ್ಲ. ಆದರೆ ಅದು ಮುಖ್ಯವಲ್ಲ. ಮಕ್ಕಳ ಕೈಗೆ ಹಳೇ ಫೈಲ್ ಇರುವುದಿಲ್ಲ, ಬೆರಳಿಗೆ ಅಭ್ಯಾಸ ಇರುವುದಿಲ್ಲ. ಮೊದಲು ಮುಟ್ಟಿದ್ದೇ ಅವರಿಗೆ ಕಂಪ್ಯೂಟರ್. ನಮಗೆ ವಿಂಡೋಸ್ ‘ಸುಲಭ’ ಅನ್ನಿಸುವುದೂ ಹೀಗೇ ಅಲ್ವಾ? ಅದು ಸುಲಭ ಅಂತ ಅಲ್ಲ, ಮೊದಲು ಅದೇ ಸಿಕ್ಕಿತು ಅಂತ.

ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವ ಮನಸ್ಸಿನ ಬಗ್ಗೆ 1988ರಲ್ಲೇ ಸ್ಯಾಮ್ಯುವೆಲ್ಸನ್ ಮತ್ತು ಝೆಕ್‌ಹೌಸರ್ ಎಂಬ ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿ ಬರೆದಿದ್ದಾರೆ. ಅದೇ ಆಯ್ಕೆಗಳನ್ನು ಇಟ್ಟು, ಒಂದಕ್ಕೆ ‘ಈಗ ಇರುವುದು ಇದು’ ಅಂತ ಚೀಟಿ ಅಂಟಿಸಿದರೆ ಸಾಕು, ಜನ ಅದರ ಕಡೆಗೇ ವಾಲುತ್ತಾರೆ. ಇದಕ್ಕೆ ಅರ್ಥಶಾಸ್ತ್ರಜ್ಞರೇ ಬೇಕಿರಲಿಲ್ಲ, ಮನೆಯಲ್ಲಿ ಫಿಲ್ಟರ್ ಬದಲಾಯಿಸಿ ನೋಡಿ, ಕಾಫಿ ಬಗ್ಗೆ ಒಂದು ವಾರ ಕೇಳಬೇಕಾಗುತ್ತದೆ.

ತಮಾಷೆ ಏನೆಂದರೆ ಈ ವಿಷಯದಲ್ಲಿ ಲಿನಕ್ಸ್‌ನವರೂ ಬೇರೆಯಲ್ಲ. 2011ರಲ್ಲಿ ಲಿನಕ್ಸ್‌ನ ಪರದೆಗೆ ರೂಪ ಕೊಡುವ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ಮೂರನೇ ಆವೃತ್ತಿ ಬಂದು ಹಳೇ ಡೆಸ್ಕ್‌ಟಾಪ್‌ನ ರೂಪ ಬದಲಾಯಿಸಿದಾಗ ಎಂಥಾ ಗಲಾಟೆ! ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಅವರೇ ಬೈದು, ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್‌ಗೆ ಹೊರಟುಹೋದರು. ಹಳೇದೇ ಬೇಕು ಅಂದವರು ಮೇಟ್ ಎಂಬ ಡೆಸ್ಕ್‌ಟಾಪ್ ಕಟ್ಟಿಕೊಂಡರು, ಲಿನಕ್ಸ್‌ನ ಒಂದು ರೂಪವಾದ ಮಿಂಟ್‌ನವರು ಸಿನಮನ್ ಮಾಡಿಕೊಂಡರು. ಮರುವರ್ಷ ವಿಂಡೋಸ್ 8 ಸ್ಟಾರ್ಟ್ ಬಟನ್ ತೆಗೆಯಿತು, ಅಲ್ಲೂ ಅದೇ ಬೈಗುಳ, 2013ರ 8.1ರಲ್ಲಿ ಬಟನ್ ವಾಪಸ್ ಬಂತು. ಎರಡು ಪಾಳಯಗಳು ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾ ಒಂದೇ ವಿಷಯಕ್ಕೆ ಅಳುತ್ತಿದ್ದವು. ನನ್ನ ಬಟನ್ ಎಲ್ಲಿಟ್ರಿ?

ಮ್ಯಾಕ್‌ನವರದ್ದು ಇನ್ನೂ ವಿಚಿತ್ರ. 1984ರಿಂದ ಇಲ್ಲಿಯವರೆಗೆ ಆಪಲ್ ಆ ಮೆಷೀನಿನ ಒಳಗೆ ಬದಲಾಯಿಸದೆ ಬಿಟ್ಟದ್ದೇನೂ ಇಲ್ಲ. 1994ರಲ್ಲಿ ಪ್ರೊಸೆಸರ್ ಬದಲು, 2001ರಲ್ಲಿ ಓಎಸ್ಸೇ ಬದಲು, 2006ರಲ್ಲಿ ಇಂಟೆಲ್, 2020ರಲ್ಲಿ ತಮ್ಮದೇ ಚಿಪ್. ಪ್ರತಿ ಸಲವೂ ಹಳೇ ತಂತ್ರಾಂಶಗಳು ಸ್ವಲ್ಪ ದಿನ ನಡೆದು ಆಮೇಲೆ ಸತ್ತವು. ಅಭಿಮಾನಿಗಳು ಮಾತ್ರ ಹಿಂದೆಯೇ ನಡೆದು ಬಂದರು. ಹಾಗಾಗಿ ಅವರದ್ದನ್ನು ಓಎಸ್ ಅಭಿಮಾನ ಅನ್ನುವುದೂ ಕಷ್ಟ. ಹೆಸರು, ಅಂದ, ಆ ಅಂಗಡಿಯ ಮೇಲಿನ ನಂಬಿಕೆ. ಇದು ನಿಜವಾದ ನಿಷ್ಠೆಗೆ ಹತ್ತಿರ, ಅದಕ್ಕೇ ಅದಕ್ಕೆ ಬೆಲೆಯೂ ಜಾಸ್ತಿ.

ನನ್ನ ಕಥೆ ಹೇಳದಿದ್ದರೆ ಮೋಸವಾಗುತ್ತದೆ. ಮೊದಲ ಸಲ ಲಿನಕ್ಸ್ ಹಾಕುವಾಗ ಹಾರ್ಡ್‌ಡಿಸ್ಕಿನ ತಪ್ಪು ಭಾಗವನ್ನು (ಪಾರ್ಟಿಷನ್) ಒರೆಸಿಬಿಟ್ಟೆ. ಅಕ್ಕನ ನಿಶ್ಚಿತಾರ್ಥದ ಫೋಟೋಗಳೆಲ್ಲ ಹೋದವು, ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ವೈಫೈ ಬರಿಸಲು ಮೂರು ರಾತ್ರಿ ಹಿಡಿಯಿತು. ಆ ಮೂರನೇ ರಾತ್ರಿ ಎರಡು ಗಂಟೆಗೆ ಪುಟ ತೆರೆದುಕೊಂಡಾಗ ಆದ ಖುಷಿ ಇದೆಯಲ್ಲ, ಅದರ ನಂತರ ಯಾರು ಏನೇ ಹೇಳಿದರೂ ನಾನು ಬಿಡುವ ಹಾಗಿರಲಿಲ್ಲ. ನಾನು ಸ್ವಾತಂತ್ರ್ಯ, ಮುಕ್ತ ಆಕರ ಅಂತೆಲ್ಲ ಕಾರಣ ಕೊಡುತ್ತೇನೆ, ಅವು ಸುಳ್ಳೂ ಅಲ್ಲ. ಆದರೆ ತಳದಲ್ಲಿ ಇರುವುದು ನಾನು ಹಾಕಿದ ಬೆವರು. ಬೆವರು ಹೆಚ್ಚಾದಷ್ಟೂ ಬಾಯಿ ಜೋರು. ಎಲ್ಲವನ್ನೂ ಕೈಯಾರೆ ಕಟ್ಟಿಕೊಳ್ಳಬೇಕಾದ ಆರ್ಚ್ ಎಂಬ ಲಿನಕ್ಸ್ ಬಳಸುವವರು ಯಾರೂ ಕೇಳದಿದ್ದರೂ ‘ಅಂದಹಾಗೆ ನಾನು ಆರ್ಚ್ ಬಳಸ್ತೀನಿ’ ಅಂತಾರೆ ಅನ್ನುವ ಜೋಕು ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟ ಅನ್ನುವುದು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಆದರೆ ಹೋಗುವ ದಾರಿ ತೆರೆದಿದ್ದೂ ಉಳಿದುಕೊಂಡರೆ ಅದು ಇಷ್ಟ. ದಾರಿ ಇಲ್ಲದೆ ಉಳಿದುಕೊಂಡರೆ ಅದು ಸಾಲ ಇದ್ದ ಹಾಗೆ, ಪ್ರತಿ ವರ್ಷ ಹಳೇ ಫೈಲ್‌ಗಳ ರೂಪದಲ್ಲಿ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಕನ್ನಡದ ಮಟ್ಟಿಗೆ ಆ ಸಾಲದ ಹೆಸರು ಆಸ್ಕಿ. ಎಕ್ಸ್‌ಪಿ ಜೊತೆ ‘ತುಂಗಾ’ ಫಾಂಟ್ ಬಂದು, ಯೂನಿಕೋಡ್ ಕನ್ನಡ ವಿಂಡೋಸ್‌ಗೆ ಕಾಲಿಟ್ಟದ್ದು 2001ರಲ್ಲಿ. ಅಷ್ಟು ವರ್ಷ ಕಳೆದರೂ ಪ್ರೆಸ್ಸುಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ, ಎಷ್ಟೋ ಕಚೇರಿಗಳ ಹಳೇ ಕಡತಗಳಲ್ಲಿ ವೇಷದ ಕನ್ನಡವೇ ಓಡುತ್ತಿದೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗೇ ಸಿಗುತ್ತವೆ. ಪಠ್ಯ ಬದಲಾಗುತ್ತದೆ, ಪುಟದ ವಿನ್ಯಾಸ ಬದಲಾಗಲ್ಲ, ಅದನ್ನು ಕೂತು ಮತ್ತೆ ಮಾಡಬೇಕು. ಸಾವಿರ ಲಗ್ನಪತ್ರಿಕೆಯನ್ನು ಯಾರು ಮತ್ತೆ ಮಾಡುತ್ತಾರೆ? ಜನರಿಗೆ ಲಿನಕ್ಸ್ ಹಾಕಿಸಿ ಅಂತ ಪ್ರಚಾರ ಮಾಡುವ ನಮ್ಮಂಥವರು ಆ ಶಕ್ತಿಯನ್ನು ಇಂಥ ಅಂಗಡಿಗಳ ಹತ್ತು ಮಾಮೂಲಿ ಕಾರ್ಡುಗಳನ್ನು ಯೂನಿಕೋಡ್‌ನಲ್ಲಿ ಮತ್ತೆ ಕೂರಿಸಿಕೊಡಲು ಬಳಸಿದರೆ, ಅವರು ಆಮೇಲೆ ಯಾವ ಓಎಸ್ ಬೇಕಾದರೂ ಆರಿಸಿಕೊಳ್ಳಲಿ, ವಿಂಡೋಸನ್ನೇ ಆರಿಸಿಕೊಳ್ಳಲಿ, ನನಗೇನೂ ಬೇಜಾರಿಲ್ಲ. ಸರಿ, ಸ್ವಲ್ಪ ಬೇಜಾರಾಗುತ್ತದೆ.

ದೀಪಾವಳಿಗೆ ತಿಪಟೂರಿಗೆ ಹೋದೆ. ಕೊನೆಗೆ ಮಾಡಿದ್ದು ಇಷ್ಟು. ಪೇಜ್‌ಮೇಕರ್ ಇರುವ ಮೆಷೀನಿನ ನೆಟ್ ವೈರ್ ಕಿತ್ತೆ, ವಿಂಡೋಸ್ 10 ಅಲ್ಲೇ ಇರಲಿ, ಹೊರಗಿನ ಗಾಳಿ ಸೋಕದೆ ಇರಲಿ. ಎರಡನೇ ಮೆಷೀನಿಗೆ ಲಿನಕ್ಸ್ ಮಿಂಟ್ ಹಾಕಿದೆ. ಗಿರಾಕಿಗಳ ಇಮೇಲು, ವಾಟ್ಸಾಪ್ ವೆಬ್, ಬ್ಯಾಂಕ್ ಎಲ್ಲ ಅದರಲ್ಲಿ. ಪ್ರೂಫ್ ಅತ್ತಿತ್ತ ಸಾಗಿಸಲು ಒಂದು ಪೆನ್‌ಡ್ರೈವ್.

ಕೀಬೋರ್ಡ್ ಸೇರಿಸಲು ಹೋದಾಗ ನನಗೇ ಆಶ್ಚರ್ಯ ಕಾದಿತ್ತು. ಕನ್ನಡದ ಕೆಳಗೆ ‘ಕಗಪ’ ಅಂತ ಒಂದು ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು, ಅದೇ! ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, ನುಡಿಯಲ್ಲಿ ನಾವೆಲ್ಲ ಕಲಿತ ಅದೇ ಕೀಲಿಮಣೆ. ಅಷ್ಟೇ ಅಲ್ಲ, ಅದೇ ಪಟ್ಟಿಯಲ್ಲಿ ಹಿಂದಿಗೆ, ತೆಲುಗಿಗೆ, ಮರಾಠಿಗೆ, ಸಂಸ್ಕೃತಕ್ಕೂ ‘ಕಗಪ’ ಹೆಸರಿನ ವಿನ್ಯಾಸಗಳಿವೆ. ಹತ್ತು ವರ್ಷದಿಂದ ಲಿನಕ್ಸ್ ಬಳಸುವ ನಾನು ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದಲ್ಲೇ ಇದ್ದೆ, ಇದನ್ನು ಗಮನಿಸಿಯೇ ಇರಲಿಲ್ಲ. ನನ್ನ ಬೆರಳಿಗೆ ‘ಕನ್ನಡ’ ಅಂದರೆ ಕೆ, ವಿ, ಡಿ, ವಿ, ಆಮೇಲೆ ಚೌಕ ಆವರಣದ ಕೀಲಿ. ಮಾವನ ಬೆರಳಿಗೆ ಅದು ಕೆ, ಎನ್, ಎಫ್, ಎನ್, ಡಬ್ಲ್ಯು.

ಮಾವ ಕೂತರು. ಪರದೆ ನೋಡಲಿಲ್ಲ, ಕೀಬೋರ್ಡೂ ನೋಡಲಿಲ್ಲ, ನನ್ನ ಮುಖ ನೋಡುತ್ತಾ ಟಕಟಕ ಅಂತ ಹೊಡೆದು ಆಮೇಲೆ ಪರದೆ ಕಡೆ ತಿರುಗಿದರು. “ಅರೆ, ಎಫ್ ಒತ್ತಿದ್ರೆ ಒತ್ತು ಬರ್ತೈತಲ್ಲೋ! ಇದು ನುಡೀನೇ ಅಲ್ವೇನೋ?”

ಹೆಚ್ಚುಕಡಿಮೆ ಹೌದು ಮಾವ ಅಂದೆ.

“ಮತ್ತೆ ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ? ಅದೇನೋ ಸ್ವಾತಂತ್ರ್ಯ ಗೀತಂತ್ರ್ಯ ಅಂತ ಭಾಷಣ ಮಾಡ್ತಿದ್ದೆ.” ಸ್ವಲ್ಪ ಹೊತ್ತು ಅದೂ ಇದೂ ಒತ್ತಿ ನೋಡಿದರು. ಮಿಂಟ್‌ನ ಹಸಿರು ಲೋಗೋ ಇರುವ ಪರದೆ ಅವರಿಗೆ ಅಷ್ಟು ಹಿಡಿಸಲಿಲ್ಲ. “ಅದಿರ್ಲಿ, ಮುಂಚೆ ಎಕ್ಸ್‌ಪೀಲಿ ಒಂದು ಗುಡ್ಡದ ಚಿತ್ರ ಬರ್ತಿತ್ತಲ್ಲ, ಹಸಿರು ಗುಡ್ಡ, ಮೇಲೆ ಮೋಡ. ಅದನ್ನ ಹಾಕ್ಕೊಡು ಇದಕ್ಕೆ. ಬಂದೋರು ಏನೋ ಬೇರೆ ಕಂಪ್ಯೂಟ್ರು ಅಂತ ಹೆದರ್ಕೊಂಡಾರು.”

ಹುಡುಕಿ ಹಾಕಿಕೊಟ್ಟೆ.